ಕಡಲ ಬಂಡೆಗಳ ನಡುವೆ ಅಪ್ಪನ ಮಗ್ಗ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ. ಆ ವ್ಯಾನಿನಲ್ಲಿ ನಾವು ಒಂಬತ್ತು ಜನರಿದ್ದೆವು. ಆ ಸದ್ದು ಕೇಳಿಸಿದ್ದು ಮೂವರಿಗೆ. ಅವರಲ್ಲಿ ನಾನೊಬ್ಬಳು.

ಎಂಬತ್ತರ ದಶಕದ ಮಾತು. ನನಗಾಗ ಹದಿನೇಳು. ಉಡುಮಲೈಪೇಟೆಯ ಹತ್ತಿರ ಕನ್ನಡ ಮಾತಾಡುವ ನೇಕಾರರ ಬೀದಿಯೊಂದರಲ್ಲಿ ನಮ್ಮ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ.

ಆ ವರ್ಷ ಪೊಂಗಲ್ ಮುಗಿದ ಮೇಲೆ ದೊಡ್ಡಪ್ಪ ಒಂದು ವ್ಯಾನ್ ಗೊತ್ತು ಮಾಡಿದರು. ಹಿಂದಿನ ಸೀಟುಗಳನ್ನು ತೆಗೆದು, ಹಲಗೆ ಜೋಡಿಸಿ, ಮೇಲೆ ಜಮಖಾನ ಹಾಸಿದ್ದರು. ಸೀಮೆಎಣ್ಣೆ ಸ್ಟೋವ್, ನೀರಿನ ಡ್ರಮ್, ಅಕ್ಕಿ, ಪಾತ್ರೆ ಎಲ್ಲ ಅದರಲ್ಲೇ. ನಿಂತ ಕಡೆ ಅಡುಗೆ, ವ್ಯಾನಿನೊಳಗೇ ನಿದ್ದೆ. ಕನ್ಯಾಕುಮಾರಿ, ಅದರಾಚೆಯ ಬಂಡೆಗಳ ತೀರ, ಆಮೇಲೆ ತಿರುಚೆಂದೂರು. ನಮ್ಮಲ್ಲಿ ಯಾರೂ ಅದುವರೆಗೆ ಕಡಲು ಕಂಡವರಲ್ಲ.

ಅಪ್ಪ ಬರಲಿಲ್ಲ. ಮಗ್ಗದಲ್ಲಿ ಯಾರದೋ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು.

"ನಿನ್ನೆಯಿಂದ ಎದೆ ನೋವು ಅಂತೀರಲ್ಲ, ನಾನೂ ಹೋಗಲ್ಲ" ಎಂದು ಅಮ್ಮ ಗಂಟು ಕೆಳಗಿಟ್ಟರು.

ನಾನು ಆಗಲೇ ಹೊಸ ದಾವಣಿ ಉಟ್ಟು ನಿಂತಿದ್ದೆ. ನನ್ನ ಮುಖ ಸಪ್ಪಗಾದದ್ದನ್ನು ಅಪ್ಪ ನೋಡಿದರು.

"ಬರೀ ವಾಯು ಕಣೇ. ನೀ ಹೊರಡು. ಕಣ್ಣು, ಅಮ್ಮನ್ನ ಕರ್ಕೊಂಡ್ ಹೋಗ್ಬಾ. ಕಡಲು ಹೆಂಗದೆ ಅಂತ ಬಂದು ನಂಗೆ ಹೇಳು" ಎಂದರು. ಮನೆಯಲ್ಲಿ ನನ್ನನ್ನು ಮುದ್ದಿಗೆ ಕಣ್ಣು ಎಂದೇ ಕರೆಯುತ್ತಿದ್ದರು.

ವ್ಯಾನ್ ಬೀದಿ ತಿರುಗುವಾಗಲೂ ಅವರ ಮಗ್ಗದ ಸದ್ದು ಕೇಳುತ್ತಿತ್ತು. ಅಪ್ಪನಿಗೆ ಚಿಕ್ಕಂದಿನಿಂದ ಎಡಗಾಲು ಸಣಕಲು. ಮಗ್ಗದ ಗುಂಡಿಯಲ್ಲಿ ಎಡಗಾಲಿನ ಹಲಗೆ ತುಳಿಯುವಾಗ ಒಂದು ಚೂರು ತಡವಾಗುತ್ತಿತ್ತು. ಟಕ್-ಟಕ್... ಟಕ್. ಟಕ್-ಟಕ್... ಟಕ್. ಇಡೀ ಬೀದಿಯಲ್ಲಿ ಮೂವತ್ತು ಮಗ್ಗ ಒಟ್ಟಿಗೆ ಆಡಿದರೂ ಅಪ್ಪನದು ಯಾವುದೆಂದು ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಎರಡನೆಯ ದಿನ ಕನ್ಯಾಕುಮಾರಿ ನೋಡಿ, ಸಂಜೆಗೆ ಪಶ್ಚಿಮದ ಕಡೆಯ ತೀರಕ್ಕೆ ಬಂದೆವು. ಮರಳೇ ಕಾಣದ ಜಾಗ. ಆನೆಗಳು ಮಲಗಿದ ಹಾಗೆ ಕಪ್ಪು ಬಂಡೆಗಳು, ಅವುಗಳ ಮೇಲೆ ಮುರಿದು ಬೀಳುವ ಅಲೆಗಳು. ಹತ್ತಿರದಲ್ಲಿ ಒಂದು ಗುಡಿಸಲೂ ಇಲ್ಲ. ದೊಡ್ಡಮ್ಮ ಸ್ಟೋವ್ ಹಚ್ಚಿ ಅನ್ನ, ಹುರುಳಿ ಸಾರು ಮಾಡಿದರು. ಊಟವಾದ ಮೇಲೆ ಹೆಂಗಸರೆಲ್ಲ ವ್ಯಾನಿನೊಳಗೆ, ಗಂಡಸರು ಹೊರಗೆ ಚಾಪೆಯ ಮೇಲೆ. ಡ್ರೈವರ್ ಪಳನಿಸಾಮಿ ವ್ಯಾನಿನ ನೆತ್ತಿ ಹತ್ತಿ ಮಲಗಿದ.

ನನಗೂ ಅಮ್ಮನಿಗೂ ಒಂದೇ ಕಂಬಳಿ.

ಎಷ್ಟು ಹೊತ್ತಾಗಿತ್ತೋ... ವಾಸನೆಗೆ ಎಚ್ಚರವಾಯಿತು. ಉಪ್ಪು ಗಾಳಿಯ ನಡುವೆ, ಹುಳಿ ಬಂದ ಗಂಜಿಯ ವಾಸನೆ. ನೂಲಿಗೆ ಹಾಕುವ ಗಂಜಿ. ನಮ್ಮ ಮನೆಯ ವಾಸನೆ.

ರಾತ್ರಿಯ ಅನ್ನದ ಪಾತ್ರೆ ಇರಬೇಕು ಎಂದುಕೊಂಡೆ.

ಆಮೇಲೆ ಕೇಳಿತು...

ಟಕ್-ಟಕ್... ಟಕ್.

ಅಲೆ ಬಂಡೆಗೆ ಬಡಿದು ಹಿಂದೆ ಸರಿದಾಗ ನಡುವೆ ಒಂದು ಗಳಿಗೆ ಎಲ್ಲ ಸುಮ್ಮನಾಗುತ್ತದಲ್ಲ, ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಟಕ್-ಟಕ್... ಟಕ್. ಮತ್ತೆ ಅಲೆ. ಮತ್ತೆ ಟಕ್-ಟಕ್... ಟಕ್. ಮೊದಲು ಬಂಡೆಗಳ ಕಡೆಯಿಂದ. ಸ್ವಲ್ಪ ಹೊತ್ತಿಗೆ, ಇನ್ನೂ ಹತ್ತಿರದಿಂದ.



ಕತ್ತಲಲ್ಲಿ ಅಮ್ಮನ ಪಿಸುಮಾತು: "ಕಣ್ಣು... ಎದ್ದಿದ್ದೀಯಾ? ಅಪ್ಪನ ತರಿ ಸತ್ತಂ... ಕೇಳ್ತಾ?"

ಮಗ್ಗಕ್ಕೆ ತರಿ, ಸದ್ದಿಗೆ ಸತ್ತಂ. ತಮಿಳಿನ ಪದಗಳು, ನಮ್ಮ ಮನೆಮಾತಿನಲ್ಲಿ ಸೇರಿಹೋದವು. ಕನ್ನಡ ಓದಲು ಕಲಿತ ಮೇಲೆ, ಹಳಗನ್ನಡದಲ್ಲಿ ಸತ್ತಂ ಎಂದರೆ ಸತ್ತನು ಎಂದು ತಿಳಿದಾಗಿನಿಂದ, ಆ ಮಾತು ನೆನಪಾದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ.

ಕೇಳುತ್ತದೆ ಎಂದುಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಮ್ಮ ಆ ಕ್ಷಣವೇ ಎಲ್ಲರನ್ನೂ ಎಬ್ಬಿಸಿಬಿಡುತ್ತಿದ್ದರು. ವ್ಯಾನ್ ಊರ ಕಡೆ ತಿರುಗುತ್ತಿತ್ತು. ತಿರುಚೆಂದೂರು ತಪ್ಪುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಹೂಂ ಎಂದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

"ಇಲ್ಲಮ್ಮ" ಎಂದೆ. "ಕಡಲಿನ ಸದ್ದು ಅದು. ಮಲ್ಕೋ."

ಬೆಳಗಿನ ಜಾವದವರೆಗೂ ಅದು ಕೇಳುತ್ತಲೇ ಇತ್ತು. ಆಮೇಲೆ ಮಧ್ಯದಲ್ಲೇ ನಿಂತಿತು. ಟಕ್-ಟಕ್... ಮೂರನೆಯದು ಬರಲಿಲ್ಲ.

ಬೆಳಿಗ್ಗೆ ಪಳನಿಸಾಮಿ ಮೇಲಿನಿಂದ ಇಳಿದವನೇ ಕೇಳಿದ: "ಯಾರುಂಗ ರಾತ್ರಿಯೆಲ್ಲಾಂ ವಂಡಿಯ ತಟ್ಟಿಕ್ಕಿಟ್ಟೇ ಇರುಂದದು? ಕಣ್ಣೇ ಮೂಡಲೀಂಗ." ರಾತ್ರಿಯಿಡೀ ವ್ಯಾನನ್ನು ತಟ್ಟುತ್ತಿದ್ದವರು ಯಾರು, ಕಣ್ಣೇ ಮುಚ್ಚಲಾಗಲಿಲ್ಲ ಎಂದು.

ದೊಡ್ಡಪ್ಪ ನಕ್ಕರು. "ಬಂಡೆ ಸಂದೀಲಿ ಕಲ್ಲು ಉರುಳ್ತಾ ಇರುತ್ತಪ್ಪ."

ಅಮ್ಮ ನನ್ನ ಮುಖ ನೋಡಿದರು. ಆಗಲಾದರೂ ಹೇಳಬಹುದಿತ್ತು. ನಾನು ಡ್ರಮ್ಮಿನಿಂದ ನೀರು ಬಗ್ಗಿಸಿಕೊಂಡು ಮುಖ ತೊಳೆಯಲು ಹೋದೆ. ವ್ಯಾನ್ ತಿರುಚೆಂದೂರಿನ ದಾರಿ ಹಿಡಿಯಿತು.

ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು. ಬೀದಿಯಲ್ಲಿ ಒಂದೇ ಒಂದು ಮಗ್ಗವೂ ಆಡುತ್ತಿರಲಿಲ್ಲ. ನಮ್ಮ ಬಾಗಿಲಲ್ಲಿ ಜನ. ಅಂಗಳವೆಲ್ಲ ತೊಳೆದು ಒದ್ದೆಯಾಗಿತ್ತು.

ಅಪ್ಪನನ್ನು ಹಿಂದಿನ ಸಂಜೆಯೇ ಮಣ್ಣು ಮಾಡಿದ್ದರು. ನಾವು ಎಲ್ಲಿದ್ದೇವೆಂದು ತಿಳಿಯದೆ, ಬಂದಾರು ಬಂದಾರು ಎಂದು ಹೊತ್ತು ಮುಳುಗುವವರೆಗೂ ಕಾದಿದ್ದರಂತೆ. ಬಂಡೆಗಳ ಹತ್ತಿರದಿಂದ ಆ ಬೆಳಿಗ್ಗೆಯೇ ಹೊರಟಿದ್ದರೆ ಹೊತ್ತು ಮುಳುಗುವ ಮೊದಲೇ ಊರಲ್ಲಿರುತ್ತಿದ್ದೆವು. ಮುಖವನ್ನಾದರೂ ನೋಡುತ್ತಿದ್ದೆವು.

ಪಕ್ಕದ ಮನೆಯ ನಂಜಕ್ಕ ಅಮ್ಮನನ್ನು ತಬ್ಬಿಕೊಂಡು ಅಳುತ್ತಾ ಹೇಳಿದರು. "ಮೊನ್ನೆ ಸಂಜೆ ಸಾರು ಕೊಡಕ್ಕೆ ಬಂದಿದ್ದೆ. 'ಇನ್ನೊಂದು ಮೊಳ ಅಷ್ಟೆ ನಂಜಕ್ಕ' ಅಂದ್ರು. ರಾತ್ರಿಯೆಲ್ಲ ತರಿ ಆಡ್ತಾನೇ ಇತ್ತು. ಈ ಮನುಷ್ಯಂಗೆ ನಿದ್ದೆ ಬೇಡ್ವಾ ಅಂತ ನಾನೇ ಬೈಕೊಂಡೆ. ಕೋಳಿ ಕೂಗೋ ಹೊತ್ತಿಗೆ ನಿಂತ್ಹೋಯ್ತು. ಕಾಪಿ ಕೊಡೋಣ ಅಂತ ಬಂದ್ರೆ... ಕೂತಂಗೇ ಇದ್ರು. ಮೈ ಮರ ಆಗಿತ್ತು."

ಕೊನೆಯ ಸ್ನಾನ ಮಾಡಿಸಿದ ಹಿರಿಯರು ಮಾತ್ರ, ಮೈ ಸೆಟೆದಿದ್ದ ರೀತಿ ನೋಡಿ, ಬೇರೆಯೇ ಹೇಳಿದರು. ಜೀವ ಹೋದದ್ದು ಮುಂಜಾನೆಯಲ್ಲ, ಹಿಂದಿನ ರಾತ್ರಿ ಊಟದ ಹೊತ್ತಿಗೆ ಮುಂಚೆಯೇ. ನಂಜಕ್ಕ ಕೊಟ್ಟ ಸಾರು ಮುಚ್ಚಿದ ಹಾಗೇ ಇತ್ತು.

ನಾನು ಮಗ್ಗದ ಹತ್ತಿರ ಹೋಗಿ ಸೀರೆಯನ್ನು ಮೊಳ ಹಾಕಿ ನೋಡಿದೆ. ಇನ್ನೂ ಒಂದು ಮೊಳ ಬಾಕಿ. ಬೀದಿಗೆಲ್ಲ ಕೇಳುವ ಹಾಗೆ ಇಡೀ ರಾತ್ರಿ ಆಡಿದ ಮಗ್ಗದಲ್ಲಿ ಒಂದು ಎಳೆಯೂ ಹೆಚ್ಚಿರಲಿಲ್ಲ.

ಆ ಒಂದು ಮೊಳ ನಾನೇ ನೇಯ್ದು ಮುಗಿಸಿದೆ. ಕಡಲು ಹೇಗಿದೆ ಎಂದು ನಾನು ಹೇಳಿದರೆ ಕೇಳಲು ಅಪ್ಪ ಇರಲಿಲ್ಲ.

ನನ್ನ ಸುಳ್ಳನ್ನು ಇಪ್ಪತ್ತೆರಡು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಅಮ್ಮ ಕೊನೆಗಾಲದಲ್ಲಿ ನನ್ನ ಮನೆಯಲ್ಲೇ ಇದ್ದರು. ಒಂದು ಮಧ್ಯಾಹ್ನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ತಡೆಯಲಾಗಲಿಲ್ಲ.

"ಅಮ್ಮ, ಆವತ್ತು ಕಡಲ ಹತ್ರ... ನಂಗೂ ಕೇಳ್ಸಿತ್ತು."

ಅಮ್ಮ ಮೊರದಿಂದ ಕಣ್ಣೆತ್ತಲಿಲ್ಲ. "ಗೊತ್ತು ಕಣ್ಣು."

"ಹೆಂಗೆ?"

"ಕಂಬಳಿ ಒಳಗೆ ನಿನ್ನ ಕಾಲು ತುಳೀತಾ ಇತ್ತಲ್ಲ. ನನ್ನ ಕಾಲಿಗೆ ತಾಕ್ತಾನೇ ಇತ್ತು. ಎಡಗಾಲು ತಡ ಮಾಡಿ, ನಿಮ್ಮಪ್ಪನಂಗೇ."

"ಮತ್ತೆ ಯಾಕಮ್ಮ ವ್ಯಾನ್ ತಿರುಗಿಸು ಅನ್ಲಿಲ್ಲ?"

"ನೀ ಇಲ್ಲ ಅಂದ್ಯಲ್ಲ. ಯಾರಾದ್ರೂ ಹಂಗೆ ಹೇಳ್ಳಿ ಅಂತಲೇ ನಾನೂ ಕೇಳಿದ್ದು" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಬ್ಬರೂ ಬಹಳ ಹೊತ್ತು ಅತ್ತೆವು.

ಆದರೆ ಒಂದು ಮಾತನ್ನು ಅಮ್ಮನಿಗೆ ಹೇಳಲು ನನಗೆ ಆವತ್ತೂ ಧೈರ್ಯ ಬರಲಿಲ್ಲ. ಅವರು ಹೋಗುವವರೆಗೂ ಬರಲಿಲ್ಲ. ಆ ರಾತ್ರಿ ನಾನು ಹೆದರಿ, ಎರಡೂ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ಬೆಳಗಾಗುವವರೆಗೂ ಅಲುಗಾಡದೆ ಮಲಗಿದ್ದೆ.

ಅಮ್ಮನ ಕಾಲಿಗೆ ತಾಕುತ್ತಿದ್ದದ್ದು ನನ್ನ ಕಾಲಲ್ಲ.