ಎರಡು ಬೆರಳು ಹೆಚ್ಚಿನ ಕೋಲು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಬಿದಿರಿನ ಕೋಲು ಇದೆ. ಉದ್ದ ಸುಮಾರು ಒಂದು ಮೊಳ, ದಪ್ಪ ಹೆಬ್ಬೆರಳಿನಷ್ಟು. ಮೇಲಿನ ಹಲಗೆಯ ಒಳಮೂಲೆಗೆ ಸರಿದುಹೋದ ಜೀರಿಗೆ ಡಬ್ಬಿಯನ್ನು ಮುಂದಕ್ಕೆ ಎಳೆದುಕೊಳ್ಳುವುದಕ್ಕೆ, ಬಿಸಿಲಿಗಿಟ್ಟ ಸಂಡಿಗೆಯ ಸುತ್ತ ಸುಳಿಯುವ ಬೆಕ್ಕನ್ನು ಹೆದರಿಸುವುದಕ್ಕೆ ನಾನು ಅದನ್ನು ಬಳಸುತ್ತೇನೆ. ಅದರ ಒಂದು ತುದಿ ಗರಗಸದಿಂದ ಕೊಯ್ದು ತಿಕ್ಕಿದ್ದು, ನುಣ್ಣಗಿದೆ. ಇನ್ನೊಂದು ತುದಿಯನ್ನು ಯಾರೋ ಸಿಟ್ಟಿನಲ್ಲಿ ಕಡಿದ ಹಾಗೆ ಸೀಳು ಸೀಳಾಗಿದೆ. ಮನೆಗೆ ಬಂದವರು ಇದೇನು ಎಂದು ಕೇಳಿದರೆ ‘ಹೂವು ಅಳೆಯೋ ಕೋಲು’ ಎಂದಷ್ಟೇ ಹೇಳಿ ಚಹಾ ಕೊಟ್ಟು ಕಳಿಸುತ್ತೇನೆ. ನಿಮಗೆ ಚಹಾ ಆಮೇಲೆ. ಮೊದಲು ಆ ತುದಿಯ ಕಥೆ ಕೇಳಿ.

ನಾನು ಕೊಟ್ಟೂರಿನಿಂದ ಹೂವಿನಹಡಗಲಿಗೆ ಸೊಸೆಯಾಗಿ ಬಂದವಳು. ಮಾತು ಕಲಿತದ್ದು ಕೊಟ್ಟೂರಿನ ಅಜ್ಜಿಯ ತೊಡೆಯ ಮೇಲೆ. ಹೂ ಕಟ್ಟುವುದನ್ನು ಕಲಿತದ್ದು ಹಡಗಲಿಯ ಅತ್ತೆಯ ಪಕ್ಕ ಕುಳಿತು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ನಮ್ಮ ಮನೆಯ ಮುಂದಿನ ಉದ್ದನೆಯ ಕಟ್ಟೆಯ ಮೇಲೆ ಬೆಳಿಗ್ಗೆ ಏಳೆಂಟು ಮಂದಿ ಹೆಂಗಸರು ಸೇರುತ್ತಿದ್ದರು. ತೋಟದಿಂದ ಬಂದ ಮಲ್ಲಿಗೆ ಮೊಗ್ಗನ್ನು ಒದ್ದೆ ಗೋಣಿಯ ಮೇಲೆ ಸುರಿದರೆ, ಅವು ಕಣ್ಣು ಬಿಡುವುದರೊಳಗೆ ಕಟ್ಟಿ ಮುಗಿಸಿ ಮಧ್ಯಾಹ್ನದ ಹರಪನಹಳ್ಳಿ ಬಸ್ಸಿಗೆ ಹಾಕಬೇಕು. ಮೊಗ್ಗು ಯಾರ ಮಾತನ್ನೂ ಕೇಳುವುದಿಲ್ಲ. ಅದರ ಹೊತ್ತಿಗೆ ಅದು ಅರಳಿಯೇ ಅರಳುತ್ತದೆ. ಅರಳಿತೆಂದರೆ ದೂರದ ಸಂತೆಗೆ ಬಾರದು.

ಕಟ್ಟಿದ ಹೂವಿಗೆ ಮೊಳದ ಲೆಕ್ಕದಲ್ಲಿ ಕೂಲಿ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಕಟ್ಟಿದವಳು ತನ್ನ ಕೈಯ ಮೇಲೆ ತಾನೇ ಅಳೆದು ತೋರಿಸುವುದು ನಮ್ಮ ಕಟ್ಟೆಯ ರೂಢಿ. ಉದ್ದ ಕೈಯವಳಿಗೆ ತುಸು ನಷ್ಟ, ಗಿಡ್ಡ ಕೈಯವಳಿಗೆ ತುಸು ಲಾಭ. ಹೂವಿನ ವ್ಯಾಪಾರದ ವೀರಣ್ಣನ ಹೆಂಡತಿ ಗಂಗಕ್ಕ ಬಂದು ಹೂವು ಎಣಿಸಿಕೊಂಡು ಹೋಗುತ್ತಿದ್ದಳು. “ಶಿವ ಕೊಟ್ಟ ಕೈ, ನಾವ್ಯಾಕ ಅದನ್ನ ಜಗ್ಗಿ ಉದ್ದ ಮಾಡೂಣು?” ಎಂದು ನಗುತ್ತಿದ್ದಳು.

ಆ ಗಂಗಕ್ಕನಿಗೆ ಒಂದು ದಿನ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಅಲ್ಲಿಂದ ವೀರಣ್ಣನೇ ಮನೆಯನ್ನೂ ಹೂವನ್ನೂ ನೋಡಿಕೊಳ್ಳತೊಡಗಿದ. ಸುಳ್ಳು ಹೇಳಲಾರೆ, ಹೆಂಡತಿಯನ್ನು ಚೆನ್ನಾಗಿಯೇ ನೋಡಿಕೊಂಡ. ಎರೆದ, ಗಂಜಿ ಕುಡಿಸಿದ, ಹೊಲಸು ಬಳಿದ, ತಲೆ ಬಾಚಿ ದಿನಾಲೂ ಒಂದು ತುಂಡು ಮಲ್ಲಿಗೆ ಮುಡಿಸಿದ. “ಗಂಡ ಅಂದ್ರ ಹಿಂಗಿರಬೇಕು” ಎಂದು ಓಣಿಗೆ ಓಣಿಯೇ ಕೈ ಮುಗಿಯಿತು. ನಮ್ಮತ್ತೆ ವಾರಕ್ಕೆರಡು ಸಲ ಅವರ ಮನೆಗೆ ರೊಟ್ಟಿ ಕಳಿಸುತ್ತಿದ್ದರು. ಅವನ ಕಣ್ಣ ಕೆಳಗಿನ ಕಪ್ಪನ್ನು ನೋಡಿ ನಾನೂ ‘ಪಾಪ’ ಎಂದದ್ದುಂಟು.

ನಮ್ಮ ಕಟ್ಟೆಯ ಮೇಲೆ ಹುಲಿಗೆಮ್ಮ ಎಂಬ ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣುಮಗಳಿದ್ದಳು. ಗಂಡನ ಮನೆ ಬಿಟ್ಟು ಬಂದು ದಮ್ಮಿನ ರೋಗದ ಅಪ್ಪನನ್ನು ಸಾಕುತ್ತಿದ್ದಳು. ಅವಳ ಬೆರಳಿನ ವೇಗಕ್ಕೆ ನಾವ್ಯಾರೂ ಸಾಟಿಯಲ್ಲ. ಒಂದು ದಿನ ಕೆಲಸ ಮುಗಿದ ಮೇಲೆ ಹಿತ್ತಲಿನ ತೊಟ್ಟಿಯ ಹತ್ತಿರ ಅವಳು ತನ್ನ ತೋಳನ್ನು ತೊಳೆಯುತ್ತಲೇ ಇದ್ದಳು. ಹೂ ಕಟ್ಟಿದವರು ಬೆರಳು ತೊಳೆಯುತ್ತಾರೆ; ಇವಳು ತೋಳು ತೊಳೆಯುತ್ತಿದ್ದಾಳಲ್ಲ ಎಂದು ಕೇಳಿದೆ.

“ವೀರಣ್ಣ ಸಾವ್ಕಾರ ನನ್ನ ಮೊಳ ತಾನ ಅಳೀತಾನ್ರಿ ಅಕ್ಕಾರ. ನಿನ್ನ ಕೈ ಗಿಡ್ಡ, ಮೋಸ ಮಾಡ್ತಿ, ಕೊಡಿಲ್ಲೆ ಅಂತ ಹಿಡೀತಾನ” ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: “ಮೊಳ ಮೊಣಕೈಗೆ ನಿಂದರತೈತಿ. ಆತನ ಕೈ ನಿಂದ್ರಂಗಿಲ್ಲ.”

ಒಂದು ತಿಂಗಳಿಂದ ಹೀಗೇ ನಡೆದಿತ್ತು. ಬಸ್ಸಿಗೆ ಹೂವು ಹೊತ್ತು ಹೋಗುವಾಗ ಹಿಂದೆ ಬಂದು ಹೇಳಬಾರದ ಮಾತು ಹೇಳಿದ್ದೂ ಇತ್ತು. ಆಗ ನಾನು, ಮಾತು ಕಲಿತವಳೆಂದು ಹೆಸರಾದ ನಾನು, ಏನು ಹೇಳಿದೆ ಗೊತ್ತೇ? “ಪಾಪ, ಆತನ ಮನಿ ಪರಿಸ್ಥಿತಿ ಹಂಗೈತಿ ನೋಡವ್ವಾ. ಮನುಷ್ಯಾ ತಲಿಕೆಟ್ಟು ಹೋಗ್ಯಾನ.”

ಅವಳು ತಂಬಿಗೆ ಕೆಳಗಿಟ್ಟಳು. “ನಾ ಏನು ಆತನ್ನ ಜೇಲಿಗೆ ಹಾಕ್ಸು ಅಂದೆನೇನ್ರಿ? ಇದ ಕಟ್ಟಿ ಮ್ಯಾಲೆ, ಎಲ್ಲಾರ ಮುಂದ, ನಾ ತಪ್ಪು ಮಾಡೀನಿ ಅಂತ ಬಾಯಿ ಬಿಟ್ಟು ಅನ್ನಲಿ. ಅಷ್ಟ ಸಾಕು.”

ನಾನು ಅತ್ತೆಗೆ ಹೇಳಿದೆ. ಅತ್ತೆ ವೀರಣ್ಣನನ್ನು ಕರೆಸಿದರು. ಅವನು ಬಂದು ಕಟ್ಟೆಯ ಅಂಚಿನಲ್ಲಿ ಕುಳಿತು, ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅತ್ತ. “ನನ್ನ ತಲಿ ಸರಿ ಇಲ್ಲ ದೊಡ್ಡವ್ವ. ಮನ್ಯಾಗಿನ ತಾಪತ್ರಯದಾಗ ನಾ ಏನು ಮಾಡಾಕ ಹತ್ತೀನಿ ಅನ್ನೂದ ನನಗ ತಿಳಿವಲ್ದು” ಎಂದ. ಏಳೆಂಟು ಹೆಂಗಸರ ಸೆರಗು ಒಟ್ಟಿಗೇ ಕಣ್ಣಿಗೆ ಹೋಯಿತು. ಕಂಬಕ್ಕೆ ಒರಗಿ ನಿಂತಿದ್ದ ಹುಲಿಗೆಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಆ ಹೊತ್ತಿನಲ್ಲಿ ನನಗೊಂದು ಜಾಣತನ ಹೊಳೆಯಿತು. ತಕರಾರು ಬಂದದ್ದು ಅಳತೆಯಿಂದ ತಾನೇ? ಇನ್ನು ಕೈಯಿಂದ ಅಳೆಯುವುದೇ ಬೇಡ, ಒಂದು ಕೋಲು ಮಾಡಿಬಿಡೋಣ ಎಂದೆ. ಎಲ್ಲರಿಗೂ ಜೀವ ಬಂದಂತಾಯಿತು. “ಸೊಸಿ ಅಂದ್ರ ಹಿಂಗ ಇರಬೇಕು ನೋಡ್ರಿ, ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ” ಎಂದರು ಅತ್ತೆ. ಬಿದಿರು ತಂದದ್ದಾಯಿತು. ಯಾರ ಅಳತೆಗೆ ಕೊಯ್ಯುವುದು ಎಂಬ ಪ್ರಶ್ನೆ ಬಂದಾಗ, ಹತ್ತಿರ ಕುಳಿತಿದ್ದ ವೀರಣ್ಣ ಕಣ್ಣೊರೆಸಿಕೊಂಡು ತನ್ನ ಕೈ ಚಾಚಿದ. ಅದೇ ಕೈ. ಅವನ ಮೊಣಕೈಗೆ ಬಿದಿರಿಟ್ಟು, ನಡುಬೆರಳ ತುದಿಗೆ ಇದ್ದಿಲಿನಿಂದ ಗೀಟು ಎಳೆದವಳು ನಾನು.

ಕೋಲು ಸಿದ್ಧವಾದ ಮೇಲೆ ಹುಲಿಗೆಮ್ಮ ಅದನ್ನು ಎತ್ತಿಕೊಂಡು ತನ್ನ ಕೈಯ ಮೇಲಿಟ್ಟು ನೋಡಿದಳು. ಅವಳ ನಡುಬೆರಳನ್ನು ದಾಟಿ ಎರಡು ಬೆರಳು ಮುಂದಕ್ಕಿತ್ತು; ಇನ್ನು ಪ್ರತಿ ಮೊಳಕ್ಕೂ ಅಷ್ಟು ಹೂವು ಹೆಚ್ಚಿಗೆ ಕಟ್ಟಬೇಕು. “ಚಲೋ ಆತು ಬಿಡ್ರಿ ಅಕ್ಕಾರ” ಎಂದಳು. “ತಪ್ಪು ಆತನ್ದು, ದಂಡ ನಮ್ದು.” ಕೋಲನ್ನು ಗೋಣಿಯ ಮೇಲಿಟ್ಟು ನಡೆದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಈಗ ಹೇಳುತ್ತಿರುವಾಗಲೂ ಹಲ್ಲು ಕಚ್ಚಿಕೊಳ್ಳುತ್ತಿದ್ದೇನೆ. ಕಟ್ಟೆಯ ಮೇಲೆ ಏಳೆಂಟು ಕೈಗಳಿದ್ದವು. ತಲೆ ಕೆಟ್ಟ ಆ ಮನುಷ್ಯ ನಮ್ಮತ್ತೆಯ ಮೊಳವನ್ನು ಎಂದಾದರೂ ಅಳೆದನೇ? ನನ್ನ ಕೈ ಹಿಡಿದನೇ? ಮೂವರು ಬಲವಾದ ಗಂಡುಮಕ್ಕಳಿದ್ದ ಪಕ್ಕದ ಮನೆಯವಳ ಬಳೆಗಾದರೂ ಅವನ ಬೆರಳು ತಾಗಿತೇ? ಗಂಡ ಜೊತೆಗಿಲ್ಲದ, ಎದ್ದು ನಿಲ್ಲಲಾರದ ಅಪ್ಪನಿರುವ ಒಂದು ಕೈಯನ್ನು ಎಂಟರಲ್ಲಿ ಆರಿಸಿಕೊಳ್ಳುವಷ್ಟು ಅವನ ತಲೆ ನೆಟ್ಟಗಿತ್ತು. ದಣಿವು ಅವನಿಗೆ ಇತ್ತು, ನಿಜ. ಆದರೆ ದಣಿದವನು ಗೋಡೆಗೆ ಒರಗುತ್ತಾನೆ, ಕುಳಿತಲ್ಲೇ ತೂಕಡಿಸುತ್ತಾನೆ, ಹೆಚ್ಚೆಂದರೆ ತಂಬಿಗೆ ಎತ್ತಿ ಒಗೆಯುತ್ತಾನೆ. ಲೆಕ್ಕ ಹಾಕಿ ಕೈ ಹಾಕುವುದಕ್ಕೆ ದಣಿವು ಎಂದು ಹೆಸರಿಟ್ಟವರು ನಾವು. ಹೆಸರಿಟ್ಟು, ತೊಟ್ಟಿಲು ತೂಗಿದವರೂ ನಾವೇ.

ಮರುಕ ಹಾಲಿದ್ದಂಗ, ಹಾಕೂ ಮೊದಲು ಪಾತ್ರಿ ತಿಕ್ಕಿದ್ದೋ ಇಲ್ಲೋ ನೋಡಬೇಕು ಎನ್ನುತ್ತಿದ್ದಳು ನಮ್ಮಜ್ಜಿ. ನಾವು ನೋಡಲಿಲ್ಲ. ಇದ್ದ ಹಾಲನ್ನೆಲ್ಲ ಅಳುತ್ತಿದ್ದವನಿಗೇ ಸುರಿದು, ಕಂಬಕ್ಕೊರಗಿ ಸುಮ್ಮನೆ ನಿಂತವಳಿಗೆ ಬರಿಯ ಪಾತ್ರೆ ತೋರಿಸಿದೆವು.

ಹತ್ತು ದಿನ ಕಳೆದ ಮೇಲೆ ನಾನು ರೊಟ್ಟಿ ತೆಗೆದುಕೊಂಡು ಗಂಗಕ್ಕನ ಮನೆಗೆ ಹೋದೆ. ವೀರಣ್ಣ ತೋಟಕ್ಕೆ ಹೋಗಿದ್ದ. ಅವಳು ಮಂಚದ ಮೇಲಿಂದ ತೊದಲುತ್ತ, ಹುಲಿಗಿ ಯಾಕ ಕಟ್ಟಿಗೆ ಬರವಲ್ಲಳು ಎಂದು ಕೇಳಿದಳು. ಬಾಗಿಲ ಮುಂದೆ ಕುಳಿತು ಮಾತಾಡುವ ಹೆಂಗಸರಿಂದ ಅವಳ ಕಿವಿಗೆ ಅರ್ಧ ಬಿದ್ದಿತ್ತು. ಉಳಿದರ್ಧ ನಾನು ಹೇಳಿದೆ. ಕೊನೆಗೆ, ನಿನ್ನ ಮುಖ ನೋಡಿ ಎಲ್ಲಾರೂ ಅಷ್ಟಕ್ಕ ಬಿಟ್ಟಾರ ಎಂದೂ ಸೇರಿಸಿದೆ, ಅವಳಿಗೆ ಸಮಾಧಾನವಾಗಲೆಂದು.

ಗಂಗಕ್ಕ ಒಂದೊಂದೇ ಮಾತನ್ನು ಕಲ್ಲು ಎತ್ತಿದಂತೆ ಎತ್ತಿ ಹೊರಗಿಟ್ಟಳು. “ನನ್ನ... ಹೆಸರ್ಲೆ... ಬಿಟ್ರ್ಯಾ?”

ನಾನು ರೊಟ್ಟಿಯ ಗಂಟು ಬಿಚ್ಚತೊಡಗಿದೆ. ಅವಳು ಬಿಡಲಿಲ್ಲ.

“ಲಕ್ವಾ... ನನಗ ಹೊಡದೈತಿ. ಆತನ ಕೈಗೆ... ಹೊಡದಿಲ್ಲ.”

ಅಲ್ಲಿಂದ ನೇರ ಹುಲಿಗೆಮ್ಮನ ಮನೆಗೆ ನಡೆದೆ. ಅಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿ, ಅವಳು ಅವನ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ, “ಯಾಕ್ರಿ ಅಕ್ಕಾರ, ಇನ್ನೊಂದು ಕೋಲು ತಂದೀರೇನು?” ಎಂದಳು.

ತಪ್ಪಾಯಿತು ಎಂದೆ. ಅವಳು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಮೂರು ವರ್ಷಾತು ನೋಡ್ರಿ, ಅಪ್ಪಗ ಮಲಗಾಕ ಆಗಂಗಿಲ್ಲ, ನನಗ ಮಲಗಾಕ ಬಿಡಂಗಿಲ್ಲ. ನನಗೂ ತಲಿ ಕೆಡತೈತಿ. ಹಂಗಂತ ನಾ ಯಾರ ಮೈ ಮ್ಯಾಲೆ ಕೈ ಹಾಕೀನಿ?” ಕೆಮ್ಮಿನ ನಡುವೆ ಮುದುಕ, “ನನಗ ಬೈತಾಳ ತಗೀರಿ” ಎಂದ. “ಬೈತೀನಿ. ಬೈದಿದ್ದಕ್ಕ ಮತ್ತ ತಪ್ಪಾತು ಅಂತನೂ ಅಂತೀನಿ” ಎಂದಳು ಮಗಳು. ಅವರಿಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬಂದೆ. ಮೊಗ್ಗು ಗೋಣಿಯ ಮೇಲೆ ಬಿದ್ದಿತ್ತು. ವೀರಣ್ಣ ಬಂದಾಗ, ಅವನು ಕುಳಿತುಕೊಳ್ಳುವ ಮೊದಲೇ ಹೇಳಿದೆ: “ವೀರಣ್ಣ, ಗಂಗಕ್ಕನ್ನ ನೋಡ್ಕೊಳ್ಳಾಕ ಇನ್ನ ಮ್ಯಾಲೆ ನಾವು ಪಾಳಿ ಹಚ್ಚಿ ಬರ್ತೀವಿ. ನಿಮಗೂ ನಿದ್ದಿ ಬೇಕು. ಅದು ಬ್ಯಾರೆ ಮಾತು. ಈಗ ಹುಲಿಗಿ ಮುಂದ ನಿಮ್ಮ ತಪ್ಪು ಹೇಳ್ರಿ. ಹೇಳೂ ತನಕ ಈ ಕಟ್ಟಿ ಮ್ಯಾಲೆ ಒಂದು ಮೊಗ್ಗೂ ದಾರಕ್ಕ ಬೀಳಂಗಿಲ್ಲ.”

ಅವನು ಟವೆಲ್ಲು ಎತ್ತಿದ. “ಬಿಡವ್ವಾ, ಪಾಪ” ಎಂದರು ಅತ್ತೆ. “ಅತ್ತಿ, ಪಾಪ ಅನ್ನೂದನ್ನ ಗಂಗಕ್ಕನ ಮನ್ಯಾಗ ಅನ್ನೂಣು” ಎಂದೆ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ಅವರಿಗೆ ಎದುರಾಡಿದ್ದು. ಪಕ್ಕದ ಮನೆಯವಳು ಮೊದಲು ದಾರ ಕೆಳಗಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು.

“ತಪ್ಪಾತು” ಎಂದ ವೀರಣ್ಣ, ನೆಲಕ್ಕೆ.

“ಏನು ತಪ್ಪಾತು? ಯಾರಿಗೆ?” ಎಂದಳು ಹುಲಿಗೆಮ್ಮ.

ಬಿಸಿಲು ಕಟ್ಟೆಯ ಅರ್ಧಕ್ಕೆ ಬಂತು. ಗೋಣಿಯ ಮೇಲೆ ಮೊಗ್ಗುಗಳು ಸಡಿಲಾಗತೊಡಗಿದವು. ಅವುಗಳ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವನು ಹೂವು ನೋಡಿದ, ಬಸ್ಸಿನ ದಿಕ್ಕು ನೋಡಿದ, ನಮ್ಮನ್ನು ನೋಡಿದ. ಅವನ ಟವೆಲ್ಲಿಗೆ ಜೊತೆಯಾಗಿ ಈ ಸಲ ಒಂದು ಸೆರಗೂ ಕಣ್ಣಿಗೆ ಹೋಗಲಿಲ್ಲ.

“ಹುಲಿಗೆಮ್ಮಾ, ನಿನ್ನ ಮೈ ಮುಟ್ಟೀನಿ. ನನ್ನ ತಪ್ಪು.”

“ತಿಳಿದು ಮುಟ್ಟಿದ್ರೋ, ತಿಳೀದ ಮುಟ್ಟಿದ್ರೋ?”

ಆ ಒಂದು ಮಾತಿಗೆ ಅವನು ಇಡೀ ಹರಪನಹಳ್ಳಿ ಬಸ್ಸನ್ನೇ ತಪ್ಪಿಸಿಕೊಂಡ. ಹಾರನ್ನು ಹೊಡೆಯುತ್ತ ಅದು ಓಣಿಯ ತಿರುವು ದಾಟಿ ಹೋದ ಮೇಲೆ ಅಂದ: “ತಿಳಿದು.”

ಹುಲಿಗೆಮ್ಮ ಕೋಲನ್ನು ಎತ್ತಿಕೊಂಡಳು. ಒಂದು ತುದಿಯನ್ನು ಮೊಣಕೈಗೆ ಹಚ್ಚಿ, ನಡುಬೆರಳ ತುದಿ ಬಂದಲ್ಲಿ ಉಗುರಿನಿಂದ ಗೀರಿ, ನಮ್ಮ ಮನೆಯ ಕುಡುಗೋಲು ತೆಗೆದುಕೊಂಡು ಹೆಚ್ಚಿನ ಎರಡು ಬೆರಳನ್ನು ಕಡಿದಳು. ಬಿದಿರು ಸುಲಭಕ್ಕೆ ತುಂಡಾಗಲಿಲ್ಲ. ಆರೇಳು ಏಟು ಬೇಕಾಯಿತು. “ಇನ್ನ ಅಳೀರಿ” ಎಂದು ನನ್ನ ಕೈಗೆ ಕೊಟ್ಟಳು.

ಅವಳು ಮತ್ತೆ ನಮ್ಮ ಕಟ್ಟೆಯ ಮೇಲೆ ಹೂ ಕಟ್ಟಲಿಲ್ಲ. ಇಟ್ಟಿಗಿ ಊರಿನ ಕಡೆಯ ತೋಟವೊಂದರಲ್ಲಿ ಮೊಗ್ಗು ಬಿಡಿಸಲು ಹೋದಳು, ಅಪ್ಪ ಹೋದ ಮೇಲೆ ಹರಪನಹಳ್ಳಿ ಸೇರಿದಳು. ವೀರಣ್ಣನೂ ಕಟ್ಟೆಗೆ ಬರುವುದನ್ನು ನಿಲ್ಲಿಸಿದ. ಹೂವನ್ನು ನಾವೇ ಬಸ್ಸಿಗೆ ಹಾಕಿದೆವು. ಗಂಗಕ್ಕ ಇರುವವರೆಗೆ, ನಾಲ್ಕು ವರ್ಷ, ಪಾಳಿ ತಪ್ಪಿಸಲಿಲ್ಲ. ಅವಳಿಗೆ ಎರೆದೆವು, ಗಂಜಿ ಕುಡಿಸಿದೆವು. ನಾವಿದ್ದಾಗ ಪಡಸಾಲೆಯಲ್ಲಿ ವೀರಣ್ಣ ಗೊರಕೆ ಹೊಡೆದು ನಿದ್ದೆ ಮಾಡುತ್ತಿದ್ದ. ಮಾಡಲಿ ಎಂದು ಬಾಗಿಲು ಮುಂದಕ್ಕೆಳೆದದ್ದೂ ಉಂಟು. ಅವನಿಂದ ತಪ್ಪು ಒಪ್ಪಿಸಿದ ಕೈಯೇ ಅವನ ನಿದ್ದೆಗೆ ಬಾಗಿಲನ್ನೂ ಎಳೆಯಬಲ್ಲದು. ಅದು ನನಗೆ ಮೊದಲೇ ಹೊಳೆದಿದ್ದರೆ ಆ ಹತ್ತು ದಿನ ಉಳಿಯುತ್ತಿತ್ತು, ಹುಲಿಗೆಮ್ಮನೂ ಉಳಿಯುತ್ತಿದ್ದಳೇನೋ.

ಆದರೆ ನನ್ನ ಸಿಟ್ಟು ಯಾಕೆ ಇಳಿದಿಲ್ಲ ಎಂದರೆ, ಓಣಿಯಲ್ಲಿ ಇವತ್ತಿಗೂ ಆ ದಿನದ ಹೆಸರು ‘ಹೂವು ಹಾಳಾದ ದಿನ’. ಎರಡು ಬುಟ್ಟಿ ಮಲ್ಲಿಗೆ ಅರಳಿಹೋಯಿತಲ್ಲ ಎಂದು ಮರುಗುವವರಿದ್ದಾರೆ. ಹೆಂಡತಿಯ ಹೊಲಸು ಬಳಿದ ದೇವರಂಥ ಮನುಷ್ಯನ ಮಾನ ಕಳೆದರು ಎನ್ನುವವರಿದ್ದಾರೆ. ಒಂದು ತಿಂಗಳು ಒಬ್ಬಳು ತೊಟ್ಟಿಯ ಹತ್ತಿರ ನಿಂತು ತೋಳು ತೊಳೆದದ್ದಕ್ಕೆ ಯಾರೂ ಹೆಸರಿಟ್ಟಿಲ್ಲ.

ಮಾತು ಮುಗಿಯಿತು, ಚಹಾಕ್ಕೆ ಇಡುತ್ತೇನೆ. ಅಂದಹಾಗೆ, ಆ ಕೋಲನ್ನು ನನ್ನ ಕೈಯ ಮೇಲಿಟ್ಟರೆ ಒಂದು ಬೆರಳು ಗಿಡ್ಡ. ಜೀರಿಗೆ ಡಬ್ಬಿ ತೀರ ಹಿಂದಕ್ಕೆ ಸರಿದಿದ್ದರೆ ಅದು ಎಟುಕುವುದಿಲ್ಲ. ಉದ್ದದ್ದೊಂದು ಮಾಡಿಸಿಕೊಡುತ್ತೇನೆ ಎಂದು ಮನೆಯವರು ಎಷ್ಟೋ ಸಲ ಹೇಳಿದ್ದಾರೆ. ಬೇಡ ಎಂದಿದ್ದೇನೆ. ಅದು ಹುಲಿಗೆಮ್ಮನ ಅಳತೆ. ಎಟುಕದಿದ್ದಾಗ ನಾನೇ ತುದಿಗಾಲ ಮೇಲೆ ನಿಲ್ಲುತ್ತೇನೆ.