ಗೀರಿಲ್ಲದ ಕಾರು

ಬಳ್ಳಾರಿ ಸತ್ಯನಾರಾಯಣಪೇಟೆಯ ಪ್ರಭುಲಿಂಗ ತನ್ನ ಸುಖ ಬಿಟ್ಟು ಬೇರೇನೂ ಅರಿಯದ ಮನುಷ್ಯ. ಹೆಂಡತಿ ಮೀನಾಕ್ಷಿ ಜ್ವರದಿಂದ ಮಲಗಿದ್ದಾಗಲೂ ಪ್ಲಾಸ್ಟಿಕ್ಕಿನ ಪುಟ್ಟ ಯುದ್ಧದ ಟ್ಯಾಂಕುಗಳು ನಿಜದವೆಂಬಂತೆ ಕಾಣಲೆಂದು ಕೆಸರಿನ, ತುಕ್ಕಿನ ಬಣ್ಣ ಬಳಿಯುತ್ತ ಕೂತಿದ್ದವನು.

ಹೋದ ವರ್ಷ ಮೀನಾಕ್ಷಿಯ ತಮ್ಮ ಹೊಸ ಕಾರು ಕೊಂಡ ವಾರದಲ್ಲೇ ಸಿರುಗುಪ್ಪ ರಸ್ತೆಯಲ್ಲಿ ಲಾರಿಗೆ ಗುದ್ದಿ ಸತ್ತ. ನಜ್ಜುಗುಜ್ಜಾದ ಆ ಕೆಂಪು ಕಾರನ್ನು ಮೊದಲಿದ್ದಂತೆ ಒಮ್ಮೆ ನೋಡಬೇಕು ಎಂದಳು ಮೀನಾಕ್ಷಿ. ಪ್ರಭುಲಿಂಗ ಮೊದಲ ಬಾರಿಗೆ ಕಾರಿನ ಮಾದರಿ ಕಟ್ಟಿದ. ಕೈಯ ಅಭ್ಯಾಸದಂತೆ ಚಕ್ರಕ್ಕೆ ಕೆಸರು ಬಳಿದು, ಬಾನೆಟ್ಟಿನ ಮೇಲೆ ಗೀರು ಎಳೆದ.

"ಒಂದು ಗೀರೂ ಇರಲಿಲ್ಲರೀ ಅದಕ್ಕ. ನೀವೂ ಅದನ್ನ ಇನ್ನೊಮ್ಮೆ ಗುದ್ದಿಸಿದಂಗಾತು," ಎಂದಳು ಮೀನಾಕ್ಷಿ. ಆಮೇಲೆ ಅವನೊಂದಿಗೆ ಮಾತಾಡಲಿಲ್ಲ.

ಅವನು ಮತ್ತೆ ಮತ್ತೆ ಬಣ್ಣ ಕೆರೆದು ಬಳಿದ. ಪ್ರತಿಸಲವೂ ಬಳ್ಳಾರಿಯ ಧೂಳು ಹಸಿ ಬಣ್ಣದ ಮೇಲೆ ಕೂತು ಹೊಳಪು ಕೆಡಿಸಿತು. ಮೊನ್ನೆ ಮೇ ತಿಂಗಳ ಮಧ್ಯಾಹ್ನ ಪಕ್ಕದ ಮನೆಯ ನಾನು ಅವರಲ್ಲಿಗೆ ಹೋದಾಗ, ಧೂಳು ಬಾರದಂತೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಕಾರಿನ ಮೇಲೆ ಬೀಳದಂತೆ ಹಣೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ಬಣ್ಣ ಒಣಗುವವರೆಗೂ ಏಳಲಿಲ್ಲ.