ಶಂಭುಲಿಂಗಪ್ಪನವರ ಕಿವಿ

ಚಾಮರಾಜಪೇಟೆಯ ರೇಡಿಯೋ ರಿಪೇರಿಯವರಲ್ಲಿ ಒಂದು ಮಾತಿತ್ತು. ಸೆಟ್ಟು ಕೆಟ್ಟರೆ ಸ್ಕ್ರೂ ಬಿಚ್ಚಬೇಡ, ಮೊದಲು ಶಂಭುಲಿಂಗಪ್ಪನವರ ಕಿವಿಗೆ ಹಿಡಿ ಅಂತ. ಮಾತು ಉತ್ಪ್ರೇಕ್ಷೆಯಲ್ಲ. ಗೊರ ಗೊರ ಅಂದರೆ ಇಂಥದ್ದು, ಗುಂಯ್ ಅಂದರೆ ಇಂಥದ್ದು ಎಂದು ಅವರು ಕೂತಲ್ಲೇ ಹೇಳುತ್ತಿದ್ದರು, ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಚಿಕ್ಕಪೇಟೆಯಲ್ಲಿ ಅಪ್ಪನ ಬಟ್ಟೆ ಅಂಗಡಿ ಬಿಟ್ಟು, ಅಂಚೆಯಲ್ಲಿ ಪಾಠ ತರಿಸಿಕೊಂಡು ಕಲಿತ ವಿದ್ಯೆ ಅದು. "ಗಲ್ಲಾ ಮೇಲೆ ಕೂರೋದು ಬಿಟ್ಟು ಡಬ್ಬಿ ಬಿಚ್ಚೋಕೆ ಹೋದ" ಎಂದು ಅಪ್ಪ ಸಾಯುವತನಕ ಗೊಣಗಿದರು. ಟೆಕ್ನೀಶಿಯನ್ನರ ಸಂಘ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟ ದಿನ ಶಂಭುಲಿಂಗಪ್ಪನವರು ಅದನ್ನು ಕಟ್ಟು ಹಾಕಿಸಿ, ದೇವರ ಪಟದ ಪಕ್ಕದಲ್ಲೇ ಮೊಳೆ ಹೊಡೆದರು.

ಈಗ ಅವರಿಗೆ ಎಪ್ಪತ್ತೊಂದು. ಇಪ್ಪತ್ತೆರಡು ವರ್ಷದಿಂದ ಅದೇ ಸಂಘದ ಪರೀಕ್ಷಕರು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ನಂಜಪ್ಪನವರು. ಅವರ ಕಣ್ಣು ಮಂಜಾದಾಗ, "ಪರೀಕ್ಷಕರಿಗೆ ಕಣ್ಣು ಕಿವಿ ಸರಿಯಿರಬೇಕು" ಎಂದು ನಿಯಮದ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ ಅವರನ್ನು ಇಳಿಸಿದವರು ಶಂಭುಲಿಂಗಪ್ಪನವರೇ. ನಂಜಪ್ಪನವರು ಛತ್ರಿ ತೆಗೆದುಕೊಂಡು ಮೆಟ್ಟಿಲಿಳಿದು ಹೋಗಿದ್ದರು.

ಮೂರು ವರ್ಷದ ಹಿಂದೆ ಬಸವನಗುಡಿಯ ಕಿವಿ ಡಾಕ್ಟರು ಒಂದು ಕಾಗದ ಕೊಟ್ಟರು. ತೆಳು ಸದ್ದುಗಳು ನಿಮಗೆ ಇನ್ನು ಕೇಳಿಸುವುದಿಲ್ಲ, ಮೆಷಿನ್ ಹಾಕಿಕೊಂಡರೂ ಅಷ್ಟಕ್ಕಷ್ಟೇ ಎಂದರು. ಶಂಭುಲಿಂಗಪ್ಪನವರು ಕಾಗದವನ್ನು ಬೀರುವಿನಲ್ಲಿ ಪಂಚೆಗಳ ಅಡಿಗೆ ತಳ್ಳಿದರು. ರೇಡಿಯೋದಲ್ಲಿ ಮಾತು ಕೇಳಿಸಿದರೆ ಸಾಲದೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಯಾರಾದರೂ ಏನಾದರೂ ಹೇಳಿದರೆ ತುಟಿ ನೋಡಿ "ಹೌದೌದು" ಅನ್ನುವುದನ್ನು ರೂಢಿ ಮಾಡಿಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಕಥೆ ಇದಕ್ಕಿಂತ ಬೇರೆಯಲ್ಲ.

ಈ ವರ್ಷದ ಪರೀಕ್ಷೆ ಒಂದು ಭಾನುವಾರ, ಶಾಲೆಯೊಂದರ ಹಾಲಿನಲ್ಲಿ ನಡೆಯಿತು. ಪದ್ಧತಿ ಹಳೆಯದು. ಪರೀಕ್ಷಕರು ಹಿಂದಿನ ದಿನವೇ ಒಂದೊಂದು ಸೆಟ್ಟಿನಲ್ಲಿ ಒಂದೊಂದು ದೋಷ ಮಾಡಿಟ್ಟು, ಅದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿರುತ್ತಾರೆ. ಕೂತವರು ಮುಕ್ಕಾಲು ಗಂಟೆಯೊಳಗೆ ಅದನ್ನು ಹುಡುಕಿ, ಸರಿಪಡಿಸಿ, ಸೆಟ್ಟು ಮುಚ್ಚಿ ಒಪ್ಪಿಸಬೇಕು.

ಐದನೇ ಮೇಜಿನಲ್ಲಿ ಕೂತಿದ್ದವಳು ಮಾವಳ್ಳಿಯ ಯಶಶ್ರೀ, ಮೂವತ್ತೈದರ ಹೆಂಗಸು. ಅಪ್ಪನಿಂದ ಕೆಲಸ ಕಲಿತು ದೇವಸ್ಥಾನಗಳ ಮೈಕು, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿದ್ದಳು. ಅಂಗಡಿಯಿದ್ದ ಕಟ್ಟಡವನ್ನು ಒಡೆಯುತ್ತಾರೆಂದು ಸುದ್ದಿ ಬಂದಿತ್ತು. ಪಾಲಿಟೆಕ್ನಿಕ್ಕೊಂದರ ಲ್ಯಾಬಿನಲ್ಲಿ ಮೆಕ್ಯಾನಿಕ್ ಕೆಲಸ ಖಾಲಿಯಿತ್ತು. ಬುಧವಾರ ಸಂಜೆಯೊಳಗೆ ಸಂಘದ ಸರ್ಟಿಫಿಕೇಟ್ ತಂದರೆ ಕೆಲಸ ಅವಳದು, ಇಲ್ಲದಿದ್ದರೆ ಇನ್ನೊಬ್ಬರದು.

ಇಪ್ಪತ್ತೇ ನಿಮಿಷಕ್ಕೆ ಅವಳ ಸೆಟ್ಟು ಮಾತಾಡಿತು. ಆದರೆ ಅವಳು ಕೈ ಎತ್ತಲಿಲ್ಲ. ಮತ್ತೆ ತಲೆ ಬಗ್ಗಿಸಿ ಏನನ್ನೋ ತಡಕುತ್ತಲೇ ಇದ್ದಳು. ಗಂಟೆ ಹೊಡೆದಾಗ ಸೆಟ್ಟು ಇನ್ನೂ ಬಿಚ್ಚಿಯೇ ಇತ್ತು.

"ಇನ್ನೂ ಒಂದು ಫಾಲ್ಟ್ ಇದೆ ಸಾರ್. ಸಣ್ಣಗೆ ಶಿಳ್ಳೆ ಹೊಡೀತಿದೆ. ಅದನ್ನ ಬಿಟ್ಟು ಹೇಗೆ ಮುಚ್ಲಿ?"

ಶಂಭುಲಿಂಗಪ್ಪನವರು ಬಗ್ಗಿ ಸ್ಪೀಕರಿಗೆ ಕಿವಿಯಿಟ್ಟರು. ವಾರ್ತೆ ಓದುವವನ ದನಿಯ ಹೊರತು ಬೇರೇನೂ ಇರಲಿಲ್ಲ. ಸುತ್ತ ಹದಿನೇಳು ಸೆಟ್ಟುಗಳು ಅರಚುತ್ತಿದ್ದವು, ಉಳಿದವರು ತಮ್ಮ ತಮ್ಮ ಸೆಟ್ಟು ಒಪ್ಪಿಸುವ ಗಡಿಬಿಡಿಯಲ್ಲಿದ್ದರು.

"ಇಲ್ಲದ ಶಿಳ್ಳೆ ಎಲ್ಲಿಂದ ತಂದ್ರಮ್ಮಾ? ಟೈಮ್ ಸಾಲದೆ ಇದ್ರೆ ಸಾಲ್ಲಿಲ್ಲ ಅನ್ನಿ."

"ಇನ್ನೊಂದ್ಸಲ ಕೇಳಿ ಸಾರ್. ದಯವಿಟ್ಟು."

ಅವರು ಕೇಳಲಿಲ್ಲ. ಪರೀಕ್ಷೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಅನುತ್ತೀರ್ಣ' ಎಂದು ಬರೆದು, ಕೆಂಪು ಶಾಯಿಯಲ್ಲಿ ಷರಾ ಹಾಕಿದರು: 'ಇಲ್ಲದ ದೋಷ ಹೇಳಿದ್ದಾರೆ.'

ಸೋಮವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಸೆಟ್ಟುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಕೂತಿದ್ದರು. ಕಸ ಗುಡಿಸುವ ಮುನಿಯಮ್ಮ ಐದನೇ ಸೆಟ್ಟು ಹಾಕುತ್ತಲೇ ಪೊರಕೆ ಬಿಟ್ಟು ಕಿವಿ ಮುಚ್ಚಿಕೊಂಡಳು.

"ಅದನ್ನ ಆರ್ಸಿ ಸಾಮಿ. ಸೊಳ್ಳೆ ಕಿವಿಯೊಳಗೆ ಹೊಕ್ಕಂಗೆ ಕುಯ್ ಅಂತದೆ."

"ಏನು ಕುಯ್ ಅನ್ನುತ್ತೆ?"

"ನಿಮ್ಗೆ ಕೇಳ್ತಿಲ್ವಾ? ಹೋದ್ ವರ್ಷಾನೂ ಇದು ಹಿಂಗೇ ಕೂಗ್ತಿತ್ತಲ್ಲ!"

ಶಂಭುಲಿಂಗಪ್ಪನವರು ಎದ್ದರು. ಸದ್ದಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಸ್ಕೋಪನ್ನು ಸೆಟ್ಟಿಗೆ ಜೋಡಿಸಿದರು. ಮಾತಿನ ದಪ್ಪ ಅಲೆಯ ಮೇಲೆ ಒತ್ತೊತ್ತಾಗಿ, ಸಣ್ಣ ಹಲ್ಲಿನ ಬಾಚಣಿಗೆಯಂತೆ, ಇನ್ನೊಂದು ಅಲೆ ಓಡುತ್ತಿತ್ತು. ಶಿಳ್ಳೆ ಇತ್ತು. ಹೋದ ವರ್ಷವೂ ಇತ್ತು, ಅದರ ಹಿಂದಿನ ವರ್ಷ ಇತ್ತೋ ಇಲ್ಲವೋ ಯಾರು ಬಲ್ಲರು! ಆ ಸೆಟ್ಟನ್ನು ಹಾಗೆಯೇ ಮುಚ್ಚಿ ಒಪ್ಪಿಸಿದವರಿಗೆ ಅವರು ಬೆನ್ನು ತಟ್ಟಿ ಸಹಿ ಹಾಕಿದ್ದರು. ಕೇಳಿಸಿಕೊಂಡ ಒಬ್ಬಳನ್ನು ಫೇಲು ಮಾಡಿದ್ದರು. ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಫೋನಿನಲ್ಲಿ ಆ ಪರದೆಯ ಫೋಟೋ ಹಿಡಿದಿಟ್ಟುಕೊಂಡರು.

ಮಂಗಳವಾರ ಸಂಘದ ಕಾರ್ಯದರ್ಶಿ ಶಶಿಕಿರಣ್ ಮುಂದೆ ಎಲ್ಲವನ್ನೂ ಹೇಳಿದರು. ಮಾಮೂಲ್‌ಪೇಟೆಯಲ್ಲಿ ಬಿಡಿಭಾಗಗಳ ಅಂಗಡಿಯಿಟ್ಟ ಶಶಿಕಿರಣ್ ಕೆಟ್ಟವನಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ.

"ಸಾರ್, ನಿಮ್ಗೆ ಕಿವಿ ಕೇಳಲ್ಲ ಅಂತ ಬರೆದ್ರೆ ಮೂರು ವರ್ಷದಲ್ಲಿ ನೀವು ಸೈನ್ ಹಾಕಿದ ನಲವತ್ತೊಂದು ಸರ್ಟಿಫಿಕೇಟೂ ಹೋಗುತ್ತೆ. ಅದ್ರಲ್ಲಿ ಕೆಲಸಕ್ಕೆ ಸೇರಿದೋರಿದಾರೆ. ಆ ಯಮ್ಮನಿಗೂ ಏನು ಸಿಗುತ್ತೆ? ಬೇರೆಯವರ ಕೈಲಿ ಮತ್ತೆ ಪರೀಕ್ಷೆ ಮಾಡಿಸಿದ್ರೂ ಮುಂದಿನ ತಿಂಗಳೇ, ಅವರಿಗೆ ಬೇಕಿರೋದು ನಾಳೆ. ಸುಮ್ನೆ ಅಂಕ ಕೂಡೋದ್ರಲ್ಲಿ ತಪ್ಪಾಗಿದೆ ಅಂತ ಪಾಸ್ ಮಾಡಿ. ಕಿವಿ ವಿಷ್ಯ ನನ್ನಲ್ಲೇ ಇರ್ಲಿ."

ನಿಜ ಹೇಳಿದರೆ ಅವಳ ಕೆಲಸ ಹೋಗುತ್ತದೆ, ಸುಳ್ಳು ಹೇಳಿದರೆ ಉಳಿಯುತ್ತದೆ. ಜೊತೆಗೆ ಅವರ ಹೆಸರೂ ಉಳಿಯುತ್ತದೆ. ಆ ಕೊನೆಯ ಮಾತು ಮನಸ್ಸಿಗೆ ಎಷ್ಟು ಹಿತವಾಗಿತ್ತೆಂದರೆ ಅವರಿಗೇ ನಾಚಿಕೆಯಾಯಿತು. ನಾಚಿಕೊಂಡೇ ಅವಳ ಸರ್ಟಿಫಿಕೇಟಿಗೆ ಸಹಿ ಹಾಕಿದರು.

ಬುಧವಾರ ಬೆಳಿಗ್ಗೆ ಮಾವಳ್ಳಿಯ ಅಂಗಡಿಗೆ ಹೋಗಿ ಸರ್ಟಿಫಿಕೇಟನ್ನು ಯಶಶ್ರೀಯ ಕೈಗಿಟ್ಟರು. ಅವಳು ಎರಡು ಸಲ ಓದಿದಳು.

"ಶಿಳ್ಳೆ ಸಿಕ್ತಾ ಸಾರ್?"

"ಅದಲ್ಲಮ್ಮ. ಅಂಕ ಕೂಡೋದ್ರಲ್ಲಿ ಏನೋ ಹೆಚ್ಚುಕಮ್ಮಿ ಆಗಿತ್ತು."

ಅವಳು ಅವರ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಅವಳ ತುಟಿ ಅಲ್ಲಾಡಿತು. ಶಂಭುಲಿಂಗಪ್ಪನವರು ರೂಢಿಯಂತೆ ತಲೆಯಾಡಿಸಿ, "ಹೌದೌದು, ಅದೇ ಸರಿ" ಎಂದರು.

ಯಶಶ್ರೀ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು ಕೂತು, ಬಿಡಿಸಿ ಬಿಡಿಸಿ ಹೇಳಿದಳು: "ನಾನೇನೂ ಹೇಳ್ಲಿಲ್ಲ ಸಾರ್. ಬರೀ ತುಟಿ ಆಡಿಸ್ದೆ."

ಇಪ್ಪತ್ತೆರಡು ವರ್ಷ ಬೇರೆಯವರ ಮುಂದೆ ದೋಷ ಇಟ್ಟು ಕಾದವರಿಗೆ, ತಮ್ಮ ಮುಂದೆ ಒಬ್ಬರು ಇಟ್ಟಾಗ ಗೊತ್ತೇ ಆಗಲಿಲ್ಲ. ಅವರ ಕಣ್ಣು ತುಂಬಿತು.

"ಮೂರು ವರ್ಷ ಆಯ್ತಮ್ಮ" ಎಂದರು. ನಲವತ್ತೊಂದು ಸರ್ಟಿಫಿಕೇಟಿನ ವಿಷಯವನ್ನೂ, ಶಶಿಕಿರಣ್ ಹೇಳಿದ್ದನ್ನೂ ಮುಚ್ಚಿಡದೆ ಹೇಳಿದರು.

ಯಶಶ್ರೀ ಸರ್ಟಿಫಿಕೇಟನ್ನು ಫೈಲಿನೊಳಗೆ ಸೇರಿಸಿ ಎದ್ದಳು.

"ನಂಗೆ ಈ ಕೆಲಸ ಬೇಕೇ ಬೇಕು ಸಾರ್, ಇದನ್ನ ತಗೊಂಡು ಹೋಗ್ತೀನಿ. ನಾಚಿಕೆ ಆಗುತ್ತೆ, ಆದ್ರೂ ಹೋಗ್ತೀನಿ. ನೀವು ನಿಜ ಬರೆದ್ರೆ ಇದು ನಿಲ್ಲಲ್ಲ ಅಂತ ಗೊತ್ತು. ಬರೀಬೇಡಿ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಅವಳು ಷಟರ್ ಎಳೆದು ಬಸ್ ಸ್ಟಾಪಿನ ಕಡೆ ಹೋದಳು. ಶಂಭುಲಿಂಗಪ್ಪನವರು ಮನೆಗೆ ಹೋಗಲಿಲ್ಲ. ನೇರ ಸಂಘಕ್ಕೆ ಬಂದು ಪುಸ್ತಕ ಬಿಡಿಸಿದರು. ಬಿಳಿ ಹಾಳೆಯ ಮೇಲೆ ತಮ್ಮ ಕಿವಿಯ ವಿಷಯ ಬರೆದು, ಅದರ ಕೆಳಗೆ ಮೂರು ವರ್ಷದ ನಲವತ್ತೊಂದು ಹೆಸರನ್ನೂ ಇಳಿಸಿದರು. ಇವರನ್ನೆಲ್ಲ ಬೇರೆ ಪರೀಕ್ಷಕರು ಮತ್ತೆ ನೋಡಬೇಕು, ಅಲ್ಲಿಯವರೆಗೆ ಯಾರ ಕೆಲಸಕ್ಕೂ ಕುತ್ತು ಬಾರದಂತೆ ಸಂಘ ನಿಲ್ಲಬೇಕು ಎಂದು ಬರೆದರು. ಸಂಘ ನಿಲ್ಲುತ್ತದೆಯೋ ಇಲ್ಲವೋ, ಅದು ಅವರ ಕೈಯಲ್ಲಿರಲಿಲ್ಲ.

ನಲವತ್ತೆರಡನೆಯ ಹೆಸರು ಯಶಶ್ರೀಯದು. ಅಲ್ಲಿ ಪೆನ್ನು ನಿಂತಿತು. ಅವಳ ಹೆಸರು ಬಿಟ್ಟರೆ ಕಾಗದವೇ ಸುಳ್ಳಾಗುತ್ತದೆ, ಬರೆದರೆ ಅವಳಿಗೆ ಎರಡನೇ ಸಲ ಅನ್ಯಾಯವಾಗುತ್ತದೆ. ಅವರು ಫೋನು ತೆಗೆದು ಆ ಸಣ್ಣ ಅಲೆಯ ಫೋಟೋ ನೋಡಿದರು. ಶಿಳ್ಳೆಯನ್ನು ಹಿಡಿದವಳು ಅವಳು, ಸಾಕ್ಷಿ ಹೇಳುತ್ತಿರುವುದು ಯಂತ್ರ. ಅಲ್ಲಿ ಅವರ ಕಿವಿಯ ಮಾತು ಯಾರಿಗೂ ಬೇಕಿರಲಿಲ್ಲ. ಅವಳ ಹೆಸರನ್ನು ಬೇರೆಯಾಗಿ ಬರೆದು, ಅಂಕದ ತಪ್ಪು ಎಂದದ್ದು ಸುಳ್ಳು, ಅವಳ ಪಾಸಿಗೆ ಈ ಫೋಟೋವೇ ಆಧಾರ, ಲಗತ್ತಿಸಿದೆ ಎಂದು ಸೇರಿಸಿದರು.

ಆಮೇಲೆ ಪುಸ್ತಕದಲ್ಲಿ ತಾವೇ ಹಾಕಿದ್ದ ಕೆಂಪು ಷರಾವನ್ನು ಹೊಡೆದು ಹಾಕಿ, ಅದರ ಕೆಳಗೆ ಬರೆದರು: 'ದೋಷ ಇತ್ತು. ಪರೀಕ್ಷಕನಿಗೆ ಕೇಳಿಸಲಿಲ್ಲ.' ಅದರಡಿಯಲ್ಲಿ ಹಾಕಿದ್ದೇ ಆ ಪುಸ್ತಕದಲ್ಲಿ ಅವರ ಕೊನೆಯ ಸಹಿ.